ಗೋಧಿ ಚೆಲ್ಲಬಾರದು

…ಉಹೂಂ, ಒಂದು ಕೈ ಸಾಲದು ಗುರುಗಳೇ, ಎರಡೂ ಕೈ ಕೊಡಿ. ಹಾಂ, ಹಾಗೆ. ತಳಕ್ಕೆ ಕೈಯಿಟ್ಟು ಹಿಡ್ಕೊಳಿ. ಭಾರ ಇದೆ ಅಲ್ವಾ? ಗೋಧಿ, ಸಕ್ಕರೆ ಪುಡಿ, ಅಕ್ರೋಟು, ಅದರ ಜೊತೆಗೆ ಈ ಅಜ್ಜಿ ಕಾಲದ ಬೋಗುಣಿ. ಮನೆಯಿಂದ ಸೇತುವೆ ಮಧ್ಯದವರೆಗೆ ಈ ಮುದುಕಿ ಒಬ್ಬಳೇ ಹೊತ್ಕೊಂಡು ಬಂದಿದೀನಿ. ನೀವು ಒಂದು ಗಳಿಗೆ ಹಿಡ್ಕೊಂಡ್ರೆ ನಿಮ್ಮ ಗಡ್ಡ ಏನೂ ಉದುರಿಹೋಗಲ್ಲ.

ಅಯ್ಯೋ, ಸೇತುವೆ ಕಟ್ಟೆ ಮೇಲೆ ಇಡೋಕೆ ಹೋಗ್ಬೇಡಿ ಮತ್ತೆ. ಇವತ್ತು ಯಾವ ದಿನ? ಸತ್ತವರ ಶನಿವಾರ. ಸತ್ತವರ ಹೆಸರಲ್ಲಿ ಬೇಯಿಸಿದ ಗೋಧಿ, ಒಂದು ಕಾಳು ನೆಲಕ್ಕೆ ಬಿದ್ರೂ ಪಾಪ ಅಂತ ನಮಗೆಲ್ಲ ಹೇಳ್ಕೊಟ್ಟಿದ್ದು ಯಾರು? ನೀವೇ. ಚರ್ಚಿನಲ್ಲಿ ನಿಂತ್ಕೊಂಡು, ಬೆರಳು ಎತ್ತಿ ಎತ್ತಿ. ಈಗ ಅನುಭವಿಸಿ.

ನಾನು ಈ ಕಲ್ಲಿನ ಮೇಲೆ ಸ್ವಲ್ಪ ಕೂತ್ಕೋತೀನಿ. ಮಂಡಿ ಹಿಡ್ಕೊಂಡಿದೆ. ಏನು, ಹೋಗು ಅಂತ ಕಣ್ಣಲ್ಲೇ ಹೇಳ್ತಿದ್ದೀರಾ? ಎಲ್ಲಿ ಹೋಗ್ಲಿ? ನನ್ನ ಬೋಗುಣಿ ನಿಮ್ಮ ಕೈಲಿದೆ. ಬೋಗುಣಿ ಬಿಟ್ಟು ಹೋದೋಳು ಈ ವೆಲಿಕಾ ಅಲ್ಲ.

ಮತ್ತೆ... ಇದೇನಿದು, ಕಟ್ಟೆ ಮೇಲೆ ಅಂಗಡಿ ಹಾಕಿದ್ದೀರಿ? ಟೋಪಿ. ಟೋಪಿ ಪಕ್ಕ ಬೀಗದ ಕೈ. ಅದರ ಪಕ್ಕ ಮೊಬೈಲು. ಅಂಚಿಗೆ ಅಂಚು ಕೂಡಿಸಿ ಇಟ್ಟಿದ್ದೀರಲ್ಲ. ನಿಮ್ಮ ಹೆಂಡತಿ ದಫಿನಾ ನೋಡಿದ್ರೆ ನಂಬಲ್ಲ. ಇಪ್ಪತ್ತೈದು ವರ್ಷದಿಂದ ಕಾಲುಚೀಲ ಎಲ್ಲೆಲ್ಲೋ ಎಸೀತಾರೆ ಅಂತ ಗೋಳಾಡ್ತಾಳೆ ಪಾಪ. ಗಂಡಸರು ಇದ್ದಕ್ಕಿದ್ದ ಹಾಗೆ ಅಚ್ಚುಕಟ್ಟಾದ್ರೆ ನನಗೆ ಭಯ ಆಗುತ್ತೆ ಗುರುಗಳೇ. ನಿಜವಾಗ್ಲೂ ಭಯ ಆಗುತ್ತೆ.

ಆಚೆ ಸ್ಮಶಾನದಲ್ಲಿ ಊರಿನ ಹೆಂಗಸರೆಲ್ಲ ಆಗ್ಲೇ ಸೇರಿರ್ತಾರೆ ಗೊತ್ತಾ? ಒಬ್ಬೊಬ್ಬರ ಕೈಲೂ ಒಂದೊಂದು ಬೋಗುಣಿ, ಮೇಣದ ಬತ್ತಿ. ಪಾದ್ರಿ ಎಲ್ಲಿ, ಪಾದ್ರಿ ಎಲ್ಲಿ ಅಂತ ಕತ್ತು ಉದ್ದ ಮಾಡ್ಕೊಂಡು ನಿಂತಿರ್ತಾರೆ. ಮೊದಲು ಚಳಿಗೆ ಬೈತಾರೆ, ಆಮೇಲೆ ನಿಮಗೆ ಬೈತಾರೆ, ಅದೂ ಮುಗಿದ ಮೇಲೆ ಯಾರ ಗೋಧಿ ಬೆಂದಿಲ್ಲ ಅಂತ ಒಬ್ಬರಿಗೊಬ್ಬರು ಶುರು ಹಚ್ಕೋತಾರೆ. ಸತ್ತವರಿಗೇ ಎದ್ದು ಹೋಗಿಬಿಡೋಣ ಅನ್ನಿಸ್ಬೇಕು. ನಗಬೇಕು ಅನ್ನಿಸಿದ್ರೆ ನಕ್ಬಿಡಿ. ಗಡ್ಡದೊಳಗೆ ನಕ್ಕರೆ ನನಗೇನು ಕಾಣಲ್ವಾ?

ಇಲ್ಲ. ನಗಲಿಲ್ಲ. ಮೊದಲಾಗಿದ್ರೆ ನಗ್ತಿದ್ರಿ.

ನೋಡಿ, ನಾನು ನೋಡ್ತಾನೇ ಇದೀನಿ. ನನಗೆ ಬೇರೆ ಕೆಲಸ ಏನಿದೆ, ನೋಡೋದೇ ಕೆಲಸ. ಪ್ರೊಕೊಪಿ ಗುರುಗಳು ಅಂದ್ರೆ ಜೇನು, ಜೇನು ಅಂದ್ರೆ ಪ್ರೊಕೊಪಿ ಗುರುಗಳು. ಜೂನ್ ತಿಂಗಳಲ್ಲಿ ಲೀಪಾ ಮರ ಹೂ ಬಿಟ್ಟಿತು ಅಂದ್ರೆ ನೀವು ಪೂಜೆನೂ ಅರ್ಧಕ್ಕೇ ಮುಗಿಸ್ತಿದ್ರಿ. ಆಮೆನ್ ಅನ್ನೋದು ನಾವು ಕೇಳಿಸ್ಕೊಳ್ಳೋ ಹೊತ್ತಿಗೆ ನೀವು ಗೂಡಿನ ಹತ್ರ. ಲೀಪಾ ಹೂ ಎರಡೇ ವಾರ ಇರೋದು ವೆಲಿಕಾ, ದೇವರು ವರ್ಷ ಪೂರ್ತಿ ಇರ್ತಾನೆ ಅಂತ ನನಗೇ ಹೇಳಿದ್ರಿ ಒಂದ್ಸಲ. ಈ ಜೂನಲ್ಲಿ? ಊರೆಲ್ಲ ಲೀಪಾ ಘಮಘಮ. ನಿಮ್ಮ ಗೂಡಿನ ಮುಚ್ಚಳ ಒಂದೂ ತೆಗೀಲಿಲ್ಲ. ದಫಿನಾನ ಕೇಳಿದ್ರೆ ರಕ್ತದೊತ್ತಡ ಅಂದ್ಲು. ಆಗಸ್ಟಲ್ಲಿ ಕೇಳಿದ್ರೆ ಸಂಧಿವಾತ. ಹೋದ ವಾರ ಕೇಳಿದ್ರೆ ಹಲ್ಲು ನೋವು. ರಕ್ತದಿಂದ ಹಲ್ಲಿಗೆ ಹತ್ತಿತಾ ರೋಗ? ಪಾಪ, ಅವಳೇನು ಮಾಡ್ತಾಳೆ. ಪಾದ್ರಿ ಹಾಸಿಗೆಯಿಂದ ಏಳಲ್ಲ, ಊಟ ಮಾಡಲ್ಲ, ಗೋಡೆ ನೋಡ್ತಾ ಕೂತಿರ್ತಾರೆ ಅಂತ ಹೇಳೋಕಾಗುತ್ತಾ? ಊರ ಬಾಯಿಗೆ ಬೀಗ ಹಾಕೋಕಾಗುತ್ತಾ?

ಗುರುಗಳೇ. ನಾನು ಸುತ್ತಿ ಬಳಸಿ ಮಾತಾಡೋಳಲ್ಲ. ಅಲ್ಲ, ಸುತ್ತಿ ಬಳಸೇ ಮಾತಾಡೋಳು, ಇಷ್ಟು ಹೊತ್ತು ಅದೇ ಮಾಡಿದೆ. ಈಗ ಕೇಳೇಬಿಡ್ತೀನಿ. ಸಾಯ್ಬೇಕು ಅಂತ ಬಂದ್ರಾ ಇಲ್ಲಿಗೆ?

...

ಗೋಧಿ ಅಲ್ಲಾಡ್ತಿದೆ. ಗಟ್ಟಿ ಹಿಡ್ಕೊಳಿ.

ಸರಿ. ಹೇಳ್ಬೇಡಿ. ಬಾಯಲ್ಲಿ ಹೇಳಲೇಬೇಕು ಅಂತೇನಿಲ್ಲ, ಬೋಗುಣಿ ಹೇಳ್ತು. ಹಾಗೆ ನೋಡ್ಬೇಡಿ. ನಾನೇನು ಕಿರುಚ್ಕೊಂಡು ಓಡಿಹೋಗಲ್ಲ. ಓಡೋಕೆ ಮಂಡಿ ಎಲ್ಲಿದೆ?

ಹೀಗೆ ನೇರವಾಗಿ ಕೇಳೋದು ನನಗೆ ಹೇಳ್ಕೊಟ್ಟಿದ್ದು ಆ ಡಾಕ್ಟ್ರು ಹುಡುಗಿ. ಜಿಲ್ಲಾ ಆಸ್ಪತ್ರೆಯ ಕಲಿನಾ, ನೆನಪಿದೆಯಲ್ಲ? ಕತ್ತರಿಸಿದ ಕೂದಲು, ದೊಡ್ಡ ದೊಡ್ಡ ಬೂಟು. ಎರಡು ವರ್ಷದ ಹಿಂದೆ ಊರಿನ ವಾಚನಾಲಯದಲ್ಲಿ ಸಭೆ ಸೇರಿಸಿ, ಈ ಸೇತುವೆ ಕಟ್ಟೆ ಮೇಲೆ ಎತ್ತರಕ್ಕೆ ಕಂಬಿ ಹಾಕ್ಬೇಕು, ಎರಡೂ ತುದೀಲಿ ಫೋನ್ ನಂಬರಿನ ಬೋರ್ಡು ಹಾಕ್ಬೇಕು ಅಂದ್ಲು. ಮನಸ್ಸು ಕೆಟ್ಟ ಗಳಿಗೆ ದಾಟಿಹೋಗುತ್ತೆ, ಆ ಗಳಿಗೇಲಿ ಒಂದು ಕಂಬಿ ಅಡ್ಡ ಬಂದ್ರೂ ಸಾಕು, ಒಬ್ಬ ಮನುಷ್ಯ ಮಾತಾಡ್ಸಿದ್ರೂ ಸಾಕು ಅಂದ್ಲು. ಕೇಳೋಕೆ ಹೆದರ್ಬೇಡಿ, ಕೇಳಿದ್ರೆ ಯಾರ ತಲೇಲೂ ಹೊಸದಾಗಿ ಹುಟ್ಟಲ್ಲ ಅಂದ್ಲು. ಎಷ್ಟು ಚೆನ್ನಾಗಿ ಹೇಳಿದ್ಲು. ನಾವು ಅವಳನ್ನ ಹುರಿದು ಮುಕ್ಕಿಬಿಟ್ವಿ.

ಮೇಯರ್ ಎದ್ದು ನಿಂತ್ಕೊಂಡು, ಇಡೀ ಬಲ್ಗೇರಿಯಾದಲ್ಲಿ ಇಂಥ ಸೇತುವೆ ಇಲ್ಲ, ಪೋಸ್ಟ್ ಕಾರ್ಡಿನ ಮೇಲಿರೋ ಸೇತುವೆ, ಮದುವೆ ಹುಡುಗಿ ಜೈಲಿನ ಕಂಬಿ ಮುಂದೆ ನಿಂತು ಫೋಟೋ ತೆಗೆಸ್ಕೋಬೇಕಾ ಅಂದ. ಎಲ್ಲ ಚಪ್ಪಾಳೆ. ಆಮೇಲೆ ಎದ್ದೋಳು ನಾನು. ಏನಂದೆ ಹೇಳಿ? ನಮ್ಮೂರಲ್ಲಿ ಅಂಥೋರು ಯಾರೂ ಇಲ್ಲಮ್ಮ, ನಮ್ಮೂರಲ್ಲಿ ಜನ ಜಾರ್ತಾರೆ ಅಷ್ಟೆ ಅಂದೆ. ಇನ್ನೂ ಜೋರು ಚಪ್ಪಾಳೆ. ಜಾರ್ತಾರೆ! ಊರಿಗೆ ಊರೇ ಕಾಲಿಗೆ ಬೆಣ್ಣೆ ಹಚ್ಕೊಂಡು ಓಡಾಡೋ ಹಾಗೆ. ಆ ಹುಡುಗಿ ನನ್ನ ಕಡೆ ನೋಡಿ ಮೆತ್ತಗೆ ಕೇಳಿದ್ಲು, ಎಷ್ಟು ಜನ ಜಾರಿದ್ರಜ್ಜಿ ಇಲ್ಲೀವರೆಗೆ ಅಂತ. ನೀವು ಹಿಂದಿನ ಸಾಲಲ್ಲಿ ಕೂತ್ಕೊಂಡು ನಿಮ್ಮ ಬೂಟು ನೋಡ್ಕೋತಿದ್ರಿ. ಅದರಲ್ಲೇನು ಸುವಾರ್ತೆ ಬರೆದಿತ್ತೋ ನಾನು ಕಾಣೆ.

ಕಂಬಿ ಬರಲಿಲ್ಲ. ಒಂದು ಬೋರ್ಡು ಬಂತು, ಆ ತುದೀಲಿ, ಲೀಪಾ ಮರದ ಕೆಳಗೆ. ಒಳ್ಳೇ ಜಾಗ, ಹೋಗೋರು ಬರೋರೆಲ್ಲ ನೋಡೋ ಜಾಗ. ಅದಕ್ಕೇ ನಮ್ಮ ಜನ ಏನು ಮಾಡಿದ್ರು? ಸತ್ತವರ ಚೀಟಿ ಅಂಟಿಸೋಕೆ ಶುರು ಮಾಡಿದ್ರು. ಇಂಥವರು ತೀರ್ಕೊಂಡು ನಲವತ್ತು ದಿನ, ಇಂಥವರು ಹೋಗಿ ಒಂದು ವರ್ಷ, ಕಪ್ಪು ಅಂಚು, ಫೋಟೋ. ಬಾಗಿಲು, ಕಂಬ, ಬಸ್ ನಿಲ್ದಾಣ, ಎಲ್ಲ ಮುಗಿದಿತ್ತಲ್ಲ, ಇದೊಂದು ಖಾಲಿ ಇತ್ತು. ಸಾಯಬೇಡಿ ಅನ್ನೋ ಬೋರ್ಡಿನ ಮೇಲೆ ಸತ್ತವರ ಫೋಟೋ. ನಮ್ಮ ಬುದ್ಧಿ ನೋಡಿ.

ಈಗ ನಕ್ರಿ. ಸ್ವಲ್ಪ. ಮೂಗಿನಿಂದ ಬಂತು, ನಾನು ಕೇಳಿಸ್ಕೊಂಡೆ.

ಆದ್ರೆ ಬೈಯೋದು ಯಾರನ್ನ ಹೇಳಿ. ಯಾರ ಮನೇಲಾದ್ರೂ ಒಬ್ಬರು... ಹಾಗಾದ್ರೆ, ಆ ಮನೆಯವರು ಏನು ಮಾಡ್ಬೇಕು? ನಿಮ್ಮ ಚರ್ಚಿನ ನಿಯಮ ಏನು? ತಾನಾಗೇ ಹೋದೋನಿಗೆ ಮಂತ್ರ ಇಲ್ಲ, ಗಂಟೆ ಇಲ್ಲ, ಶನಿವಾರದ ಗೋಧಿಗೆ ಹೆಸರು ಓದೋದಿಲ್ಲ. ಬೇಕು ಅಂದ್ರೆ, ತಲೆ ಕೆಟ್ಟಿತ್ತು ಅಂತ ಡಾಕ್ಟರ ಚೀಟಿ ತಂದು ಬಿಷಪ್ಪರ ಅಪ್ಪಣೆ ತರ್ಬೇಕು. ಅಂದ್ರೆ ಪಾಪಿ ಅನ್ನಿ, ಇಲ್ಲ ಹುಚ್ಚ ಅನ್ನಿ, ಎರಡರಲ್ಲಿ ಒಂದು ಆರಿಸ್ಕೊಳಿ. ಸತ್ತೋನ ಬಟ್ಟೆ ಇನ್ನೂ ಹಗ್ಗದ ಮೇಲೆ ಒಣಗ್ತಿರುತ್ತೆ, ಆ ಹೆಂಗಸು ಕೂತ್ಕೊಂಡು ಆರಿಸ್ಬೇಕು. ಯಾರಾದ್ರೂ ಸರಿ, ಜಾರಿದ ಅಂತಾಳೆ. ಅನ್ನದೆ ಏನು ಮಾಡ್ತಾಳೆ. ಬೇರೆಯವರ ಮನೆ ಮಾತು ಹೇಳ್ತಿದೀನಿ ನಾನು.

ಬಾಯಿ ತೆಗೀರಿ. ತೆಗೀರಿ ಅಂದೆ. ಕೈ ಖಾಲಿ ಇಲ್ಲ ನಿಮಗೆ, ನಾನೇ ತಿನ್ನಿಸ್ತೀನಿ, ಚಮಚ ತಂದಿದೀನಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಂತ ಮುಖ ಹೇಳ್ತಿದೆ. ಪೂಜೆಗೆ ಮುಂಚೆ ತಿನ್ನಬಾರದು ಅಂತೀರಾ? ಪೂಜೆಗೆ ನೀವು ಹೊರಟಿದ್ದಾದ್ರೂ ಎಲ್ಲಿ. ತಿನ್ನಿ... ಹಾಂ. ಸಕ್ಕರೆ ಜಾಸ್ತಿ ಆಗಿದೆ ಅಲ್ವಾ? ನನ್ನ ಗಂಡ ಸ್ಪಾಸ್‌ಗೆ ಹಾಗೇ ಬೇಕಿತ್ತು. ಈಗ ತಿಂದೋರು ಏನನ್ಬೇಕು? ದೇವರು ಕ್ಷಮಿಸಲಿ ಅನ್ಬೇಕು. ನೀವು ಅನ್ನದಿದ್ರೆ ಬೇಡ, ನಾನೇ ಅಂತೀನಿ. ದೇವರು ನಮ್ಮ ಸ್ಪಾಸ್‌ನ ಕ್ಷಮಿಸಲಿ.

ಎಂಥ ಮನುಷ್ಯ ಅಲ್ವಾ? ಬಸ್ಸು ಓಡಿಸ್ತಾ ಅವನು ಆಡ್ತಿದ್ದ ಮಾತಿಗೆ ಜನ ತಮ್ಮ ಸ್ಟಾಪು ಮರೆತು ಮುಂದೆ ಹೋಗ್ತಿದ್ರು. ಕೋಳಿ ಹಿಡ್ಕೊಂಡು ಹತ್ತಿದೋಳಿಗೆ, ಅಮ್ಮಾ ನಿನಗೆ ಟಿಕೆಟ್ ಇಲ್ಲ, ಕೋಳಿಗೆ ಮಾತ್ರ, ಅದು ಕಿಟಕಿ ಪಕ್ಕ ಕೂರುತ್ತಾ ಕೇಳು ಅಂತಿದ್ದ. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಆ ಮಾತೆಲ್ಲ ಎಲ್ಲಿ ಹೋಗ್ತಿತ್ತೋ. ಟೋಪಿ ಮೊಳೆಗೆ ಹಾಕಿ, ಗೋಡೆ ನೋಡ್ತಾ... ಸುಸ್ತಾಗಿದೆ ವೆಲಿಕಾ ಅಂತಿದ್ದ. ನಾನೂ ಸುಸ್ತು ಅಂದ್ಕೊಂಡೆ. ಡ್ರೈವರ್ ಕೆಲಸ ಅಲ್ವಾ.

ಅವನು ಹೋದ ದಿನ ನಾನು ಅಂಗಳದಲ್ಲಿ ದೊಣ್ಣೆಮೆಣಸಿನಕಾಯಿ ಸುಡ್ತಿದ್ದೆ. ಸೆಪ್ಟೆಂಬರ್ ಕೊನೆ. ಇಡೀ ಬೀದಿ ಸುಡ್ತಿತ್ತು, ಎಲ್ಲರ ಮನೆ ಮುಂದೂ ಹೊಗೆ, ಚಳಿಗಾಲಕ್ಕೆ ಸೀಸೆ ತುಂಬೋ ಸಡಗರ. ಬಂದು ಹೇಳಿದಾಗ ನನ್ನ ಕೈ ಮೊಣಕೈವರೆಗೂ ಕೆಂಪು ಸಿಪ್ಪೆ. ಮಣ್ಣು ಮಾಡೋ ಹೊತ್ತಿಗೂ ಆ ವಾಸನೆ ಹೋಗಿರಲಿಲ್ಲ. ನೀವು ಶವದ ಮುಂದೆ ನಡೀತಿದ್ರಿ, ಬಂಗಾರದ ಅಂಚಿನ ನಿಲುವಂಗಿ ಹಾಕ್ಕೊಂಡು, ಎಲ್ಲ ಬೀದಿ ಸುತ್ತಿಸಿ, ಗಂಟೆ ಹೊಡೆಸಿ, ಒಂದು ಮಂತ್ರ ಬಿಡದೆ. ಬಿಷಪ್ಪರು ಸತ್ತಿದ್ರೂ ಅಷ್ಟು ಆಗ್ತಿರಲಿಲ್ಲ. ಹಿಂದೆ ನಾನು ಮೆಣಸಿನಕಾಯಿ ವಾಸನೆ ಹೊಡೀತಾ. ಹನ್ನೊಂದು ವರ್ಷ ಆಯ್ತು, ಇವತ್ತಿಗೂ ಸುಟ್ಟ ಮೆಣಸಿನಕಾಯಿ ಬಾಯಿಗಿಟ್ಟಿಲ್ಲ.

ಎಂಥ ಸಾವು ನೋಡಿ. ನನಗೋಸ್ಕರ ಹೋದ. ನನಗೆ ಕೆಮ್ಮಿತ್ತಲ್ಲ, ಕಷಾಯಕ್ಕೆ ಲೀಪಾ ಹೂ ಕಿತ್ಕೊಂಡು ಬರ್ತೀನಿ ಅಂತ ಆ ತುದಿ ಮರ ಹತ್ತಿದ, ಕೊಂಬೆ ಸೇತುವೆ ಮೇಲೆ ಚಾಚಿದೆಯಲ್ಲ, ಕೈ ತುಂಬ ಹೂ ಹಿಡ್ಕೊಂಡು ಜಾರ್‌ಬಿಟ್ಟ. ಹೂ ಕೀಳೋಕೆ ಹೋಗಿ... ನಿಮಗೆ ಅವತ್ತೇ ಹೇಳಿದ್ನಲ್ಲ, ನಿಮ್ಮ ಅಡುಗೆಮನೇಲಿ ಕೂತ್ಕೊಂಡು...

ಯಾಕೆ?

ಯಾಕೆ ಹಾಗೆ ನೋಡ್ತಿದ್ದೀರಿ? ಇಷ್ಟು ಹೊತ್ತೂ ನೀರು ನೋಡ್ತಾ ನಿಂತಿದ್ರಿ, ಈಗ ನನ್ನನ್ನ ಯಾಕೆ ನೋಡ್ತೀರಿ? ನಾನೇನಂದೆ? ಮೆಣಸಿನಕಾಯಿ ಸುಡ್ತಿದ್ದೆ ಅಂದೆ. ಅವನು ಲೀಪಾ ಹೂ...

ಏನಾದ್ರೂ ಅನ್ನಿ ಗುರುಗಳೇ.

ಅನ್ನಲ್ಲ. ಅವತ್ತೂ ಅನ್ನಲಿಲ್ಲ. ಇದೇ ಮುಖ ಇಟ್ಕೊಂಡು ಕೇಳಿಸ್ಕೊಂಡ್ರಿ. ಗಡ್ಡ ಆಗ ಕಪ್ಪಗಿತ್ತು, ಅಷ್ಟೇ ವ್ಯತ್ಯಾಸ.

ಲೀಪಾ ಹೂ ಯಾವಾಗ ಬಿಡುತ್ತೆ? ಜೂನಲ್ಲಿ. ಎರಡೇ ವಾರ. ಸೆಪ್ಟೆಂಬರಲ್ಲಿ ಆ ಮರದ ಮೇಲೆ ಎಲೆನೇ ಅರ್ಧ ಉದುರಿರುತ್ತೆ. ಇದನ್ನ ನಾನು ಯಾರಿಗೆ ಹೇಳಿದೆ? ಸಿಕ್ಕಸಿಕ್ಕೋರನ್ನೆಲ್ಲ ಬಿಟ್ಟು ಜೇನು ಸಾಕೋ ಪಾದ್ರಿಗೆ. ಲೀಪಾ ಹೂವಿನ ಲೆಕ್ಕ ತನ್ನ ಮಕ್ಕಳ ಹುಟ್ಟುಹಬ್ಬಕ್ಕಿಂತ ಚೆನ್ನಾಗಿ ಇಟ್ಕೊಂಡಿರೋ ಮನುಷ್ಯನಿಗೆ. ಅಯ್ಯೋ ನನ್ನ ಬುದ್ಧಿಯೇ. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡೀತು ಅಂತಾರಲ್ಲ, ಹಾಗೆ ಹನ್ನೊಂದು ವರ್ಷ ಕುಡಿದಿದೀನಿ ನಾನು.

ನಿಮಗೆ ಗೊತ್ತಿತ್ತು.

ಅವತ್ತೇ ಗೊತ್ತಿತ್ತು. ಅಷ್ಟೇ ಯಾಕೆ, ಅವನ ಡ್ರೈವರ್ ಟೋಪಿ ಇಲ್ಲೇ, ನಿಮ್ಮ ಟೋಪಿ ಇದೆಯಲ್ಲ, ಹತ್ತಿರ ಹತ್ತಿರ ಇಲ್ಲೇ ಸಿಕ್ತು. ಒಳಗೆ ಮಡಿಸಿಟ್ಟ ಕನ್ನಡಕ. ಹೂ ಕೀಳೋಕೆ ಹೋಗೋನು ಕನ್ನಡಕ ತೆಗೆದಿಡ್ತಾನಾ? ಊರಿಗೆಲ್ಲ ಗೊತ್ತಿತ್ತೋ ಏನೋ. ಆದ್ರೆ ನೀವು ನಿಲುವಂಗಿ ಹಾಕ್ಕೊಂಡು ಮುಂದೆ ನಡೆದ ಮೇಲೆ ಯಾರಿಗೆ ಬಾಯಿ ಬರುತ್ತೆ? ನಿಯಮ ಬಿಟ್ರಿ ನೀವು. ಬಿಷಪ್ಪರಿಗೆ ಗೊತ್ತಾಗಿದ್ರೆ ನಿಮ್ಮ ಕೆಲಸ ಹೋಗ್ತಿತ್ತು. ನನಗೆ ಒಂದು ಮಾತು, ಒಂದೇ ಒಂದು ಮಾತು ಹೇಳ್ಬಾರದಿತ್ತಾ? ವೆಲಿಕಾ, ನನಗೆ ಗೊತ್ತು ಅಂತ? ನಾನು ಒಬ್ಬಳೇ ಹೊತ್ಕೊಂಡು ತಿರುಗ್ತಿದ್ದೆನಲ್ಲ. ನಾನು ನಿಮಗೆ ಹೇಳಿದ್ರೆ ಅವನ ಹೆಸರು ಓದೋದು ನಿಲ್ಲಿಸ್ತೀರಿ ಅಂತ ನಾನು, ನೀವು ಹೇಳಿದ್ರೆ ನಾನು ಕುಸಿದುಹೋಗ್ತೀನಿ ಅಂತ ನೀವು. ಒಳ್ಳೇ ಜೋಡಿ.

ಅಳ್ತಿಲ್ಲ, ಮೂಗು ಸೋರ್ತಿದೆ ಅಷ್ಟೆ. ನೀವು ಬೋಗುಣಿ ನೋಡ್ಕೊಳಿ.

ಈಗ ನನಗೊಂದು ಹೇಳಿ. ಅವನನ್ನ ಪಾಪಿ ಅಂದ್ರಾ ನೀವು? ಇಲ್ಲ. ಹುಚ್ಚ ಅಂದ್ರಾ? ಅದೂ ಇಲ್ಲ. ಕಾಯಿಲೆ ಬಿದ್ದಿದ್ದ, ಯಾರೂ ನೋಡ್ಲಿಲ್ಲ ಅಂದ್ಕೊಂಡ್ರಿ. ಅಲ್ವಾ? ಅಂದ್ಕೊಂಡಿದ್ದಕ್ಕೇ ಅಷ್ಟೂ ಬೀದಿ ಸುತ್ತಿಸಿದ್ರಿ. ಹಾಗಾದ್ರೆ ನಿಮ್ಮನ್ನ ನೀವು ಏನು ಕರ್ಕೋತಿದ್ದೀರಿ, ಈ ಆರು ತಿಂಗಳಿಂದ, ಗೋಡೆ ಮುಂದೆ ಕೂತ್ಕೊಂಡು? ಸ್ಪಾಸ್‌ಗೆ ಕೊಟ್ಟ ಕರುಣೆ ಪ್ರೊಕೊಪಿಗೆ ಯಾಕಿಲ್ಲ? ಡ್ರೈವರಿಗೆ ಒಂದು ದೇವರು, ಪಾದ್ರಿಗೆ ಒಂದು ದೇವರಾ?

ಮತ್ತೆ, ನೀವು ಹೋಗ್‌ಬಿಟ್ರೆ ದಫಿನಾ ಯಾರ ಅಡುಗೆಮನೇಲಿ ಕೂತ್ಕೊಂಡು ಯಾವ ಹೂವಿನ ಕಥೆ ಕಟ್ಬೇಕು? ಇದು ನವೆಂಬರು. ಯಾವ ಹೂವೂ ಇಲ್ಲ. ನಾನು ಬದುಕಿರೋವರೆಗೆ ಇನ್ನೊಬ್ಬಳು ಆ ಕಥೆ ಕಟ್ಟೋಕೆ ಬಿಡಲ್ಲ. ಪಾಪಿ ಚಿರಾಯು, ನಾನು ತುಂಬ ದಿನ ಬದುಕ್ತೀನಿ.

ಅಳಿ. ಅತ್ಬಿಡಿ. ಗೋಧಿ ಮೇಲೆ ಬಿದ್ರೆ ಪರವಾಗಿಲ್ಲ, ಸಕ್ಕರೆ ಜಾಸ್ತಿ ಆಗಿತ್ತು ಹೇಗೂ.

ಏಳ್ತೀನಿ. ಕೈ ಕೊಡಿ ಅಂದ್ರೆ ನಿಮ್ಮ ಕೈ ಖಾಲಿ ಇಲ್ಲ. ಹಾಂ, ಎದ್ದೆ. ನಿಮ್ಮ ಟೋಪಿ, ಬೀಗದ ಕೈ, ಮೊಬೈಲು ನನ್ನ ಚೀಲಕ್ಕೆ. ಈಗ ಬನ್ನಿ, ಆ ತುದಿವರೆಗೆ. ನಡೀರಿ, ನಾನು ಕಟ್ಟೆ ಕಡೆ ಇರ್ತೀನಿ, ನೀವು ಈ ಕಡೆ. ಮೆತ್ತಗೆ, ನನ್ನ ಮಂಡಿ ನೋಡ್ಕೊಂಡು. ಸ್ಮಶಾನದ ಹೆಂಗಸರು ಇನ್ನೊಂದು ಗಳಿಗೆ ಜಗಳ ಆಡ್ಲಿ, ಅವರಿಗೂ ಹೊತ್ತು ಹೋಗ್ಬೇಕಲ್ಲ. ದಫಿನಾಗೆ ಫೋನ್ ಮಾಡೋಣ. ಆದ್ರೆ ಮೊದಲು ಇನ್ನೊಂದು.

ಇದೇ ಬೋರ್ಡು. ನಿಲ್ಲಿ, ಇದರ ಮುಂದೆ ನಿಲ್ಲಿ. ನೋಡಿ, ಯಾರು ಕಾಣ್ತಾನೆ ಮೇಲ್ಗಡೆ? ಸ್ಪಾಸ್. ಹನ್ನೊಂದನೇ ವರ್ಷದ ಚೀಟಿ, ಸೆಪ್ಟೆಂಬರಲ್ಲಿ ನಾನೇ ಅಂಟಿಸಿದ್ದು. ಈ ಕೈಯಾರೆ, ಮೈದಾ ಅಂಟು ಕಲಸಿ. ಸರಿಯಾಗಿ ಆ ನಂಬರಿನ ಮೇಲೆ. ಅದು ಕಾಣಬಾರದು ಅಂತಲೇ ಅಂಟಿಸಿದ್ನೋ ಏನೋ, ಈಗ ಕೇಳಿದ್ರೆ ನನಗೂ ಗೊತ್ತಿಲ್ಲ.

ಸ್ವಲ್ಪ ಸರಿ ಸ್ಪಾಸ್. ಪಕ್ಕಕ್ಕೆ ಬಾ ನನ್ನಪ್ಪ. ನಿನ್ನದು ಮುಗೀತು, ಇಲ್ಲೊಬ್ಬರು ಇನ್ನೂ ಇದಾರೆ. ಎಷ್ಟು ಗಟ್ಟಿಯಾಗಿ ಅಂಟ್ಕೊಂಡಿದೀಯ... ಬಂತು. ಹರಿಯಲಿಲ್ಲ ನೋಡಿ, ಮುಖ ಚೆನ್ನಾಗೇ ಬಂತು. ಇದನ್ನ ಎದೆ ಹತ್ರ ಇಟ್ಕೋತೀನಿ.

ನನ್ನ ಕಣ್ಣಿಗೆ ಈ ಅಂಕಿ ಎಲ್ಲ ಇರುವೆ ಸಾಲು. ಓದೋದು ನೀವು, ಒತ್ತೋದು ನಾನು. ಆ ಕಡೆಯವರು ಯಾರಿಗೋಸ್ಕರ ಅಂತ ಕೇಳಿದ್ರೆ ಏನು ಹೇಳ್ಲಿ? ರಕ್ತದೊತ್ತಡ ಅನ್ಲಾ, ಹಲ್ಲು ನೋವು ಅನ್ಲಾ? ನಮ್ಮ ಪಾದ್ರಿ ಅಂತೀನಿ. ಮನಸ್ಸಿಗೆ ಹುಷಾರಿಲ್ಲ ಅಂತೀನಿ. ಗಟ್ಟಿಯಾಗೇ ಅಂತೀನಿ, ಯಾರು ಬೇಕಾದ್ರೂ ಕೇಳಿಸ್ಕೊಳ್ಲಿ. ಆಮೇಲೆ ಫೋನು ನಿಮ್ಮ ಕಿವಿಗೆ ಹಿಡೀತೀನಿ, ಮಾತಾಡೋದು ನೀವೇ. ನನಗೆ ಕೈ ನೋವು ಬರೋವರೆಗೂ ಹಿಡೀತೀನಿ.

ಹೂಂ, ಹೇಳಿ.

...

ಏನಂದ್ರಿ? ಗುರುಗಳೇ, ಚರ್ಚಿನಲ್ಲಿ ಗುಡುಗೋ ಗಂಟಲು ಇದೇನಾ? ಇನ್ನೊಂದ್ಸಲ. ಸೊನ್ನೆ. ಹಾಂ, ಕೇಳಿಸ್ತು, ಸೊನ್ನೆ. ಒತ್ತಿದೆ. ಮುಂದಿನದು ಹೇಳಿ.